ಎರಡನೆಯ ಉಬ್ಬರ

ಡಿಸೆಂಬರ್ ಇಪ್ಪತ್ತಮೂರು, ಸೌತಾಂಪ್ಟನ್.
ಬೆಳಗಿನ ಐದೂವರೆಗೆ ಹಗ್ಗ ಬಿಗಿದೆವು.
ಹತ್ತರೊಳಗೆ ಎರಡು ಸಾವಿರದ ಮುನ್ನೂರು ಮಂದಿ,
ಕ್ಯಾನರಿ ದ್ವೀಪದ ಬಿಸಿಲಿಗೆ ಮೂಗು ಸುಲಿದವರು,
ಗಾಲಿಪೆಟ್ಟಿಗೆ ಎಳೆಯುತ್ತ ಇಳಿದುಹೋದರು.
ಹನ್ನೆರಡಕ್ಕೆ ಅಷ್ಟೇ ಮಂದಿ ಹತ್ತುತ್ತಾರೆ
ಬಿಳಿಚಿಕೊಂಡು, ಒದ್ದೆ ಕೋಟಿನಲ್ಲಿ, ಅದೇ ಪ್ರಶ್ನೆ ಹೊತ್ತು:
"ಕ್ಯಾಪ್ಟನ್, ನೀವಿಲ್ಲಿ ನಗುತ್ತ ನಿಂತರೆ
ಅಲ್ಲಿ ಹಡಗು ನಡೆಸುವವರು ಯಾರು?"
ಹದಿನೇಳು ವರ್ಷದಿಂದ ಈ ಮಾತಿಗೆ
ಈಗಷ್ಟೇ ಕೇಳಿದವನ ಹಾಗೆ ನಗುತ್ತೇನೆ.
ಸಂಬಳದಲ್ಲಿ ಅದೂ ಸೇರಿದೆ.

ನಡುವಿನ ಎರಡು ಗಂಟೆ ಹಡಗು ಬರಿದು.
ಬರಿದೆಂದರೆ, ಕೆಳಗೆ ಫೋರ್ಕ್‌ಲಿಫ್ಟು
ಹಡಗಿನ ಬಾಯಿಗೆ ಆಲೂಗಡ್ಡೆ ತುರುಕುತ್ತಿದೆ.
ಟರ್ಕಿ ಕೋಳಿ ನಾನೂರ ಹತ್ತು, ಸಹಿ ಹಾಕಿದೆ.
ಹಾಸಿಗೆ ಬದಲಿಸುವ ಹುಡುಗರು ಓಡುತ್ತಿದ್ದಾರೆ,
ಅವರಲ್ಲೊಬ್ಬನಿಗೆ ನಿನ್ನೆ ರಾತ್ರಿ ಮಗಳು ಹುಟ್ಟಿದ್ದಾಳೆ, ಸೆಬುವಿನಲ್ಲಿ.

ಚುಕ್ಕಾಣಿ ಕೋಣೆಯ ಗಾಜಿನಿಂದ, ನೀರಿನಾಚೆ, ಹೈಥ್.
ದುರ್ಬೀನು ಹಿಡಿದರೆ ಜೆಟ್ಟಿಯ ಹಿಂದೆ ಮೂರನೆಯ ಸಾಲು,
ಹಸಿರು ದೋಣಿಯ ಸೂರಿನ ಮನೆ ನನ್ನದು.
ಸಾಲ ತೀರಿದ್ದು ಹೋದ ಮಾರ್ಚಿನಲ್ಲಿ.
ಲಾಂಚಿನಲ್ಲಿ ಹನ್ನೆರಡೇ ನಿಮಿಷ.
ಹೋಗಲಾರೆ. ಎಣ್ಣೆಯ ಬಾರ್ಜು, ಆರೋಗ್ಯ ಇಲಾಖೆಯ ಹೆಂಗಸು,
ಏಳನೆಯ ಡೆಕ್ಕಿನಲ್ಲಿ ಸೋರುವ ಪೈಪು.
ಏಳಕ್ಕೆ, ಇನ್ನೂ ಕತ್ತಲಿದ್ದಾಗ, ಗ್ಲೆನಿಸ್ ಅಡುಗೆಮನೆಯ ದೀಪ
ಹಚ್ಚಿ ಆರಿಸಿದಳು, ಹಚ್ಚಿ ಆರಿಸಿದಳು.
ಏನದರ ಅರ್ಥ ಎಂದು ಫೋನಿನಲ್ಲಿ ಕೇಳಿದೆ.
"ಬಲ್ಬು ಸರಿಯಾಗಿದೆ ಅಂತ."

ಪ್ರಯಾಣಿಕರಲ್ಲಿ ಇಳಿಯದವಳು ಒಬ್ಬಳೇ, ಡಾಫ್ನಿ ಟಿಲ್‌ಬ್ರುಕ್.
ಎಂಬತ್ತನಾಲ್ಕು. ಪೋರ್ಟ್ಸ್‌ಮತ್ತಿನ ಬಸ್ಸಿನಲ್ಲಿ ಟಿಕೇಟು ಹರಿದವಳು.
ನವೆಂಬರಿನಿಂದ ಹಡಗಿನಲ್ಲೇ ಬಿಡಾರ.
ಇನ್ನೂರು ಖಾಲಿ ಮೇಜಿನ ನಡುವೆ
ಅವಳು ಮೊಟ್ಟೆಯ ತಲೆ ಕುಟ್ಟುವ ಸದ್ದು.
ಎದುರಿಗೆ ಕೂತೆ. ಅವಳು ಆ ಪ್ರಶ್ನೆ ಕೇಳಲಿಲ್ಲ.
"ನಿನ್ನ ಮನೆ ಇಲ್ಲಿಂದ ಕಾಣುತ್ತದಂತೆ?"
"ಕಾಣುತ್ತದೆ."
"ನನ್ನದೂ ಕಾಣುತ್ತಿತ್ತು, ಆಚೆ ತಿರುವಿನಲ್ಲಿ. ಮಾರಿಬಿಟ್ಟೆ.
ಕೊಂಡವರು ಬಾಗಿಲಿಗೆ ಹಳದಿ ಬಳಿದಿದ್ದಾರೆ, ದರಿದ್ರದವರು.
ಆದರೂ ದಾಟುವಾಗ ಎಡಗಡೆ ಕಟಕಟೆಗೆ ಹೋಗಿ ನಿಲ್ಲುತ್ತೇನೆ."
ಆಮೇಲೆ ಉಪ್ಪು ಕೇಳಿದಳು.

ಅಪ್ಪ ಗಂಗೊಳ್ಳಿಯ ತಾಂಡೇಲ,
ಮಂಜಿಯಲ್ಲಿ ಹಂಚು ತುಂಬಿ ದ್ವೀಪಕ್ಕೆ ಹೋಗಿಬರುತ್ತಿದ್ದವ.
ಲಾಗ್ ಬರೆದವನಲ್ಲ, ಅಕ್ಷರ ಬಾರದು.
ಬೆರಳದ್ದಿ ನೆಕ್ಕಿ "ಇನ್ನರ್ಧ ದಿನ" ಎನ್ನುತ್ತಿದ್ದ,
ಎಷ್ಟೋ ಸಲ ತಪ್ಪುತ್ತಿದ್ದ.
ಈ ನೀರಿನ ಕತೆ ಹೇಳಿದ್ದರೆ ಹುಚ್ಚೆನ್ನುತ್ತಿದ್ದ:
ಇಲ್ಲಿ ಉಬ್ಬರ ಏರುತ್ತದೆ, ನಿಲ್ಲುತ್ತದೆ,
ಇಳಿಯಲು ಹೊರಟು, ಹೊಸ್ತಿಲಲ್ಲಿ
ಬೀಗದ ಕೈ ಮರೆತವರ ಹಾಗೆ
ಮತ್ತೊಮ್ಮೆ ಬರುತ್ತದೆ.
ಎರಡು ಗಂಟೆಯಲ್ಲಿ ಎರಡು ಉಬ್ಬರ.
ಭಾರದ ಹಡಗುಗಳಿಗೆ ಈ ಮರೆವಿನಿಂದಲೇ ಅನುಕೂಲ.

ನಾಲ್ಕೂವರೆಗೆ ಮನರಂಜನೆಯ ಹುಡುಗ ಕೆಂಪು ಟೊಪ್ಪಿ ತಂದ.
ಭುಜಕ್ಕೆ ನಾಲ್ಕು ಪಟ್ಟಿ, ನೆತ್ತಿಯಿಂದ ಜೋಲುವ ಹತ್ತಿಯುಂಡೆ.
ಮೈಕು ಹಿಡಿದು ಹೇಳಿದೆ: ನಿಮ್ಮ ಕ್ಯಾಪ್ಟನ್ ಮಾತಾಡುತ್ತಿದ್ದೇನೆ,
ಬಿಸ್ಕೇ ಕೊಲ್ಲಿಯಲ್ಲಿ ಅಲೆ ಸ್ವಲ್ಪ ಇರಬಹುದು.
ಸ್ವಲ್ಪ ಎಂದರೆ ಆರು ಮೀಟರು.
ಬ್ಯಾಂಡು ಶುರುವಾಯಿತು, ಜೊತೆಗೆ ಮಂಜೂ.
ಕ್ರೇನುಗಳು ಹೋದವು, ಹೈಥ್ ಹೋಯಿತು,
ಫಾಲಿಯ ಚಿಮಣಿಯ ಬೆಂಕಿ ಮಾತ್ರ
ಬುಡವಿಲ್ಲದೆ ಆಕಾಶದಲ್ಲಿ.
ರಾಡಾರಿನಲ್ಲಿ ದಡವೆಲ್ಲ ಒಂದೇ ಹಸಿರು ಗೀರು;
ಅದರಲ್ಲಿ ಯಾವ ಬಿಂದು ಅಡುಗೆಮನೆ?

ಮಂಜಿನಲ್ಲಿ ಎರಡು ನಿಮಿಷಕ್ಕೊಮ್ಮೆ
ದೀರ್ಘವಾಗಿ ಕೂಗಬೇಕು. ನಿಯಮ.
ಕೂಗಿದೆ. ಗಾಜು ನಡುಗಿತು.
ಮೊದಲನೆಯದು ನಿಯಮಕ್ಕೆ,
ಎರಡನೆಯದೂ ನಿಯಮಕ್ಕೇ, ಪೈಲಟ್ ಪಕ್ಕದಲ್ಲಿದ್ದ.
ಕೆಳಗೆ ಎಡಗಡೆ ಕಟಕಟೆಯಲ್ಲಿ
ಬಿಳಿಯ ಗೋಡೆಗೆ ಮುಖ ಮಾಡಿ
ಒಬ್ಬಳು ಮುದುಕಿ ನಿಂತಿದ್ದಳು, ಚೀಲ ಹಿಡಿದು,
ಮುಂದಿನ ಸ್ಟಾಪಿಗೆ ಇಳಿಯುವವಳ ಹಾಗೆ.

ನ್ಯಾಬ್ ಗೋಪುರದ ಹತ್ತಿರ ಪೈಲಟ್ ಕೈಕುಲುಕಿದ.
ಹಗ್ಗದೇಣಿಗೆ ಹೊರಡುವ ಮುಂಚೆ ತಿರುಗಿ,
ಏನೂ ಅನ್ನದೆ, ತನ್ನ ತಲೆ ಮುಟ್ಟಿ ತೋರಿಸಿದ.
ಟೊಪ್ಪಿ ಇನ್ನೂ ನನ್ನ ತಲೆಯ ಮೇಲೇ ಇತ್ತು.